ನೋಡಿದ್ದು ಸರಿ, ಆಮೇಲೆ ಏನ್ ಮಾಡ್ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಜೀತ, ಬಲವಂತದ ದುಡಿಮೆ, ಮಾನವ ಕಳ್ಳಸಾಗಣೆ ಇವನ್ನ ಗುರುತಿಸೋಕೆ ಸಾಮಾನ್ಯ ಉದ್ಯೋಗಿಗಳಿಗೆ ಕೊಡೋ ಟ್ರೈನಿಂಗ್ ಬಗ್ಗೆ ನಾಲ್ಕು ಮಾತು ಬರ್ದಿದ್ದೆ. ಈ ಟ್ರೈನಿಂಗ್ ಕೊಡೋದೇ ನನ್ನ ಕೆಲಸ ಅಂತಾನೂ ಹೇಳ್ಕೊಂಡಿದ್ದೆ, ಅಲ್ಲೇ ಎಡವಟ್ಟಾಗಿದ್ದು, ಇನ್‌ಬಾಕ್ಸ್ ತುಂಬಿ ಹೋಗಿದೆ. ಎಲ್ಲರಿಗೂ ಉತ್ತರ ಕೊಡೋಕೆ ಜಾಗ ಇಲ್ಲ, ಪದೇ ಪದೇ ಬಂದ ಪ್ರಶ್ನೆಗಳನ್ನ ಆರಿಸ್ಕೊಂಡಿದ್ದೀನಿ. ಕಳಿಸಿದವರ ಹೆಸರು ಬೇಕಂತಲೇ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಹೋಟೆಲ್ ಒಂದ್ರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಮಗೆ ಇಪ್ಪತ್ತು ನಿಮಿಷದ ವಿಡಿಯೋ ತೋರಿಸಿ, ಕೊನೇಲಿ ಹತ್ತು ಪ್ರಶ್ನೆ ಕೇಳಿ ಸರ್ಟಿಫಿಕೇಟ್ ಕೊಟ್ರು. ವಿಡಿಯೋ ತುಂಬಾ ಕತ್ತಲೆ ಕೋಣೆ, ಸರಪಳಿ, ಅಳ್ತಾ ಕೂತಿರೋ ಹುಡುಗಿ. ನಮ್ಮಲ್ಲಿ ಯಾರೂ ಅಂಥದ್ದು ನೋಡೇ ಇಲ್ಲ. ನಿಜವಾಗಿ ನಾವು ಏನನ್ನ ಗಮನಿಸ್ಬೇಕು?

ಉತ್ತರ: ಮೊದ್ಲು ಆ ಸರಪಳಿ ಮರ್ತುಬಿಡಿ. ನನ್ನ ಮೊದಲ ಟ್ರೈನಿಂಗ್‌ನಲ್ಲಿ ನಾನೂ ಅಂಥದ್ದೇ ಒಂದು ಫೋಟೋ ಹಾಕಿದ್ದೆ, ಕಟ್ಟಿರೋ ಎರಡು ಕೈ. ಹಿಂದಿನ ಸಾಲಲ್ಲಿ ಕೂತಿದ್ದ ಕ್ಲೀನಿಂಗ್ ಕೆಲಸದ ಒಬ್ಬ ಹೆಂಗಸು ಕೈ ಎತ್ತಿ, "ಮೇಡಂ, ಹಿಂಗೆ ಕೈ ಕಟ್ಟಿದ್ದು ನಾನು ನೋಡಿಲ್ಲ, ಆದ್ರೆ ನಮ್ ಜೊತೆ ಕೆಲಸ ಮಾಡೋ ಮೂರು ಜನರ ಎಟಿಎಂ ಕಾರ್ಡು ಅವರ ಮೇಸ್ತ್ರಿ ಜೇಬಲ್ಲೇ ಇರತ್ತೆ, ಅದೂ ಲೆಕ್ಕಕ್ಕೆ ಬರತ್ತಾ" ಅಂದ್ರು. ರೂಮೆಲ್ಲ ಸುಮ್ನಾಯ್ತು. ಆವತ್ತು ರಾತ್ರಿನೇ ಆ ಫೋಟೋ ಡಿಲೀಟ್ ಮಾಡಿದೆ, ಆಮೇಲಿಂದ ಯಾವ ಟ್ರೈನಿಂಗ್ ಶುರು ಮಾಡಿದ್ರೂ "ನೀವು ಈಗಾಗ್ಲೇ ಏನ್ ನೋಡಿದ್ದೀರಾ" ಅಂತಲೇ ಕೇಳ್ತೀನಿ. ಉತ್ತರ ಬಂದೇ ಬರತ್ತೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದ್ರೆ ಐಎಲ್‌ಒ, ಬಲವಂತದ ದುಡಿಮೆಗೆ 11 ಸೂಚನೆಗಳನ್ನ ಕೊಟ್ಟಿದೆ. ಸುಳ್ಳು ಹೇಳಿ ಕೆಲಸಕ್ಕೆ ಕರ್ಕೊಂಡು ಬಂದಿರೋದು, ಓಡಾಡೋಕೆ ಬಿಡದೇ ಇರೋದು, ಯಾರ ಜೊತೆಗೂ ಬೆರೆಯದ ಹಾಗೆ ದೂರ ಇಟ್ಟಿರೋದು, ಹೊಡೆತ ಬಡಿತ ಮತ್ತೆ ಲೈಂಗಿಕ ಹಿಂಸೆ, ಬೆದರಿಕೆ, ಪಾಸ್‌ಪೋರ್ಟ್ ಗುರುತಿನ ಚೀಟಿ ಕಿತ್ತಿಟ್ಕೊಳ್ಳೋದು, ಸಂಬಳ ತಡೆಯೋದು, ಸಾಲದ ಜೀತ, ಮನುಷ್ಯರು ಇರೋಕಾಗದ ಜಾಗದಲ್ಲಿ ಇಟ್ಟು ದುಡಿಸೋದು, ಮಿತಿನೇ ಇಲ್ಲದ ಓವರ್‌ಟೈಮ್, ಇದೆಲ್ಲದರ ಜೊತೆಗೆ ಒಬ್ಬರ ಅಸಹಾಯಕತೆಯನ್ನ ಬಳಸ್ಕೊಳ್ಳೋದು. ಇದನ್ನ ಟಿಕ್ ಹಾಕೋ ಪಟ್ಟಿ ಅಂದ್ಕೋಬೇಡಿ. ಕೆಲವು ಸಲ ಒಂದೇ ಸೂಚನೆ ಸಾಕಾಗತ್ತೆ, ಬಹಳಷ್ಟು ಸಲ ಮೂರ್ನಾಲ್ಕು ಒಟ್ಟಿಗೆ ಸೇರಿದ್ಮೇಲೇ ಚಿತ್ರ ಕಾಣೋದು. ಓವರ್‌ಟೈಮ್ ಒಂದೇ ಇದ್ರೆ ಅದು ಕೆಟ್ಟ ಕಂಪನಿ ಇರ್ಬೋದು, ಓವರ್‌ಟೈಮ್ ಜೊತೆ ಪಾಸ್‌ಪೋರ್ಟ್ ಬೀರುವಲ್ಲಿ ಬೀಗ ಹಾಕಿ ಇಟ್ಟಿದ್ರೆ ಬೇರೆನೇ ಕಥೆ.

ಇನ್ನೊಂದು ಮಾತು, ಹೋಟೆಲ್‌ನವರು ಯಾವಾಗ್ಲೂ ಗೆಸ್ಟ್‌ಗಳನ್ನೇ ನೋಡ್ತಾ ಇರ್ತಾರೆ. ಗೆಸ್ಟ್‌ಗಳನ್ನೂ ನೋಡಿ: ಐಡಿ ಒಬ್ಬರ ಹತ್ರಾನೇ ಇದೆ, ರೂಮಿಗೆ ದಿನಾ ಬೇರೆ ಬೇರೆ ಜನ ಬಂದ್ ಹೋಗ್ತಾರೆ, ಒಳಗಿರೋ ಹುಡುಗಿ ಮಾತ್ರ ಹೊರಗೆ ಬರೋದೇ ಇಲ್ಲ, ಕ್ಲೀನಿಂಗ್ ಬೇಡ ಅಂತ ಬೋರ್ಡ್ ಐದು ದಿನದಿಂದ ನೇತಾಡ್ತಿದೆ. ಅದ್ರ ಜೊತೆಗೇ ನಿಮ್ಮ ಲಾಂಡ್ರಿ ಗುತ್ತಿಗೆಗೆ ತಗೊಂಡವರ ವ್ಯಾನ್ ಬಂದಾಗ ಅದ್ರಿಂದ ಇಳಿಯೋರ ಮುಖಾನೂ ಒಂದ್ಸಲ ನೋಡಿ.

ಪ್ರಶ್ನೆ: ಜೀತ ಎಲ್ಲ ಕಾನೂನಲ್ಲಿ ಹೋಗಿ ಯಾವ ಕಾಲ ಆಯ್ತು, ಇನ್ನೂ ಗುಲಾಮಗಿರಿ ಅಂತ ದೊಡ್ಡ ಪದ ಬಳಸೋದು ಸ್ವಲ್ಪ ಅತಿ ಆಗ್ಲಿಲ್ವಾ?

ಉತ್ತರ: ಕಾನೂನಲ್ಲಿ ಹೋಗಿದೆ, ನಿಜ. ಗುಲಾಮಗಿರಿ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದ 1926ರದ್ದು, ಬಲವಂತದ ದುಡಿಮೆ ವಿರುದ್ಧ ಐಎಲ್‌ಒ ಒಪ್ಪಂದ 1930ರದ್ದು, 1948ರ ಮಾನವ ಹಕ್ಕುಗಳ ಘೋಷಣೆಯ 4ನೇ ವಿಧಿಯಲ್ಲೂ ಯಾರನ್ನೂ ಗುಲಾಮರಾಗಿ ಇಟ್ಕೋಬಾರ್ದು ಅಂತಲೇ ಇದೆ. ಆದ್ರೂ ಐಎಲ್‌ಒ ಮತ್ತೆ ಇನ್ನೆರಡು ಸಂಸ್ಥೆಗಳು ಸೇರಿ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಲ್ಲಿ ಇಂಥ ಸ್ಥಿತಿಯಲ್ಲಿದ್ದವರು ಸುಮಾರು 4.96 ಕೋಟಿ ಜನ. ಅದ್ರಲ್ಲಿ 2.76 ಕೋಟಿ ಬಲವಂತದ ದುಡಿಮೆ, 2.2 ಕೋಟಿ ಬಲವಂತದ ಮದುವೆ. ಬಲವಂತದ ದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ಬಡ ದೇಶಗಳಲ್ಲಲ್ಲ, ಮೇಲ್ಮಧ್ಯಮ ಆದಾಯದ ಮತ್ತೆ ಶ್ರೀಮಂತ ದೇಶಗಳಲ್ಲಿ. ಪದ ದೊಡ್ಡದಾಯ್ತು ಅನ್ಸಿದ್ರೆ ಬೇರೆ ಪದ ಬಳಸಿ, ನನ್ನ ತಕರಾರಿಲ್ಲ.

ಪ್ರಶ್ನೆ: ನಾನು ಕೂಲಿಯವರನ್ನ ಒದಗಿಸೋ ಕಾಂಟ್ರಾಕ್ಟರ್. ಅಡ್ವಾನ್ಸ್ ತಗೊಂಡು, ಸೈನ್ ಹಾಕಿ, ತಾವೇ ಒಪ್ಪಿ ಬಂದಿರ್ತಾರೆ. ಸಾಲ ತೀರಿಸೋ ತನಕ ಕೆಲಸ ಮಾಡಿ ಅನ್ನೋದು ತಪ್ಪಾ? ನಿಮ್ಮಂಥವರು ಎಲ್ಲದಕ್ಕೂ ಜೀತ ಅಂತ ಹಣೆಪಟ್ಟಿ ಹಚ್ತೀರಾ.

ಉತ್ತರ: ಸರ್, ನೇರವಾಗಿ ಕೇಳಿದ್ದಕ್ಕೆ ಥ್ಯಾಂಕ್ಸ್, ನಿಮ್ಮ ಪ್ರಶ್ನೆ ಟ್ರೈನಿಂಗ್‌ನಲ್ಲಿ ದಿನಾ ಬರತ್ತೆ, ಹಾಗಾಗಿ ನಾನು ಇದಕ್ಕೆ ಬೆಂಕಿಕಡ್ಡಿ ಆಟ ಆಡಿಸ್ತೀನಿ. ಒಬ್ಬರನ್ನ ಮುಂದೆ ಕರೆದು, ನಿಮ್ಮ ಮೇಲೆ 30 ಕಡ್ಡಿ ಸಾಲ ಇದೆ ಅಂತ ಬೋರ್ಡ್ ಮೇಲೆ ಬರೀತೀನಿ. ಪ್ರತಿ ವಾರ ದುಡಿದಿದ್ದಕ್ಕೆ 4 ಕಡ್ಡಿ ಕೈಗೆ ಕೊಡ್ತೀನಿ, ಅವರು ಖುಷಿಯಾಗಿ ಎಣಿಸ್ಕೋತಾರೆ. ತಕ್ಷಣ ರೂಮ್ ಬಾಡಿಗೆ ಅಂತ 1 ವಾಪಸ್, ಊಟಕ್ಕೆ 2, ಗ್ಲೌಸು ಮತ್ತೆ ಗಾಡಿ ಚಾರ್ಜು 1. ಕೈ ಖಾಲಿ. ಇನ್ನು ಬಡ್ಡಿ 1 ಬಾಕಿ ಇದೆಯಲ್ಲ, ಅದನ್ನ ಬೋರ್ಡ್ ಮೇಲಿನ ಸಾಲಕ್ಕೆ ಸೇರಿಸ್ತೀನಿ, 31. ಎಂಟು ವಾರ ಹೀಗೇ ಆಡಿದ್ರೆ ಸಾಲ 38. ನಡುವೆ ಒಂದ್ ದಿನ ಜ್ವರ ಬಂತು ಅಂತ 2 ಕಡ್ಡಿ ದಂಡ ಹಾಕಿದ್ರೆ 40. ಒಂದ್ಸಲ ಒಬ್ಬ ಅಕೌಂಟೆಂಟ್ ಆಡೋಕೆ ಬಂದಿದ್ರು, ಐದನೇ ವಾರಕ್ಕೆ "ಈ ಲೆಕ್ಕ ನಂಗೆ ತೋರ್ಸಿ, ನಾನ್ ಚೆಕ್ ಮಾಡ್ತೀನಿ" ಅಂತ ಸಿಟ್ಟು ಮಾಡ್ಕೊಂಡ್ರು. ಲೆಕ್ಕದ ಪುಸ್ತಕ ಯಜಮಾನರ ಹತ್ರ ಇರತ್ತೆ, ನಿಮಗೆ ತೋರಿಸೋ ಹಾಗಿಲ್ಲ ಅಂದೆ. ಆಟ ಅಲ್ಲಿಗೇ ಮುಗೀತು.

ಗುಲಾಮಗಿರಿ ವಿರುದ್ಧದ ಒಪ್ಪಂದಕ್ಕೆ 1956ರಲ್ಲಿ ಬಂದ ಪೂರಕ ಒಪ್ಪಂದದಲ್ಲಿ ಸಾಲದ ಜೀತಕ್ಕೆ ಅರ್ಥ ಕೊಟ್ಟಿದ್ದಾರೆ, ತುಂಬಾ ಸರಳವಾಗಿದೆ. ದುಡಿಮೆಯ ನ್ಯಾಯವಾದ ಬೆಲೆ ಸಾಲಕ್ಕೆ ಜಮಾ ಆಗ್ತಿಲ್ಲ, ಅಥವಾ ಎಷ್ಟು ದಿನ ಏನು ಕೆಲಸ ಅನ್ನೋದಕ್ಕೆ ಮಿತಿನೇ ಹಾಕಿಲ್ಲ ಅಂದ್ರೆ ಅದು ಜೀತ. ಅಡ್ವಾನ್ಸ್ ಕೊಟ್ಟಿದ್ದೇ ತಪ್ಪು ಅಂತ ಯಾರೂ ಹೇಳ್ತಿಲ್ಲ. ನಿಮ್ಮನ್ನ ನೀವೇ ಎರಡು ಪ್ರಶ್ನೆ ಕೇಳ್ಕೊಳ್ಳಿ: ಅವನ ಲೆಕ್ಕ ಅವನ ಕೈಗೆ ಕೊಟ್ಟಿದ್ದೀರಾ? ನಾಳೆ ಬೆಳಿಗ್ಗೆ ಅವನು, "ಸಾಲ ಎಲ್ಲಿದ್ರೂ ತೀರಿಸ್ತೀನಿ, ಕೆಲಸ ಮಾತ್ರ ಬಿಡ್ತೀನಿ" ಅಂದ್ರೆ ಹೋಗೋಕೆ ಬಿಡ್ತೀರಾ?

ಇನ್ನು ಒಪ್ಪಿ ಬಂದಿದ್ದಾನೆ ಅನ್ನೋ ಮಾತು. ಮಾನವ ಕಳ್ಳಸಾಗಣೆ ವಿರುದ್ಧ 2000ದಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದ, ಅಂದ್ರೆ ಪಲೆರ್ಮೊ ಪ್ರೊಟೊಕಾಲ್ ಪ್ರಕಾರ ಮೋಸ, ಬೆದರಿಕೆ, ಅಸಹಾಯಕತೆಯ ದುರ್ಬಳಕೆ ಇವು ಇದ್ದಲ್ಲಿ ಆ ಒಪ್ಪಿಗೆಗೆ ಬೆಲೆ ಇಲ್ಲ, 18 ವರ್ಷದೊಳಗಿನ ಮಕ್ಕಳಾದ್ರೆ ಮೋಸ ಬೆದರಿಕೆ ತೋರಿಸೋ ಅಗತ್ಯನೂ ಇಲ್ಲ. ಬಲವಂತ ಅನ್ನೋ ಪದವನ್ನ ಎಲ್ಲ ದೇಶದವರೂ ಒಂದೇ ಅಳತೇಲಿ ಅಳೆಯಲ್ಲ. ಭಾರತದಲ್ಲಿ 1976ರಲ್ಲೇ ಜೀತ ರದ್ದು ಕಾಯ್ದೆ ಬಂತು, ಬೇರೆ ದಾರಿ ಕಾಣದೆ ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಯೋದೂ ಬಲವಂತದ ದುಡಿಮೆನೇ ಅಂತ 1982ರಲ್ಲಿ ಸುಪ್ರೀಂ ಕೋರ್ಟು ಹೇಳ್ತು. ಬ್ರೆಜಿಲ್ 2003ರಲ್ಲಿ ತನ್ನ ದಂಡಸಂಹಿತೆ ತಿದ್ದಿ, ಮಾನಗೇಡಿ ಸ್ಥಿತಿಯಲ್ಲಿ ದುಡಿಸೋದು, ಮೈ ಸೋತು ಬೀಳೋವಷ್ಟು ಹೊತ್ತು ದುಡಿಸೋದು ಎರಡನ್ನೂ ಗುಲಾಮರ ಥರ ದುಡಿಸೋ ಅಪರಾಧದೊಳಗೆ ಸೇರಿಸ್ತು.

ಪ್ರಶ್ನೆ: ಅಕ್ಕಾ, ನಾನು ಸ್ಟಾಫ್ ನರ್ಸ್. ಮೊನ್ನೆ ಕೈ ಸುಟ್ಕೊಂಡಿದ್ದ ಒಂದು ಹುಡುಗಿನ ಒಬ್ಬರು ಕರ್ಕೊಂಡು ಬಂದಿದ್ರು. ನಾನ್ ಏನ್ ಕೇಳಿದ್ರೂ ಅವರೇ ಉತ್ತರ ಹೇಳ್ತಿದ್ರು, ಅವಳಿಗೆ ನಮ್ಮ ಭಾಷೆ ಬರಲ್ಲ ಅಂದ್ರು. ಗಾಯ ಹಳೇದು. ನಂಗೆ ಏನೋ ಸರಿ ಇಲ್ಲ ಅನ್ಸ್ತು, ಆದ್ರೆ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ, ಡ್ರೆಸ್ಸಿಂಗ್ ಮಾಡಿ ಕಳಿಸಿದೆ. ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ಮೊದ್ಲು ನನ್ನ ತಪ್ಪು ಹೇಳ್ತೀನಿ ಕೇಳಿ, ನಿಮ್ಮದಕ್ಕಿಂತ ದೊಡ್ಡದು. ಕೆಲಸಕ್ಕೆ ಸೇರಿದ ಹೊಸತು, ಒಂದು ಗೋಡೌನ್ ನೋಡೋಕೆ ಹೋಗಿದ್ದೆ. ಪೆಟ್ಟಿಗೆ ಹೊರ್ತಿದ್ದ ಒಬ್ಬ ಹುಡುಗನ್ನ ನಿಲ್ಲಿಸಿ, ಸೂಪರ್‌ವೈಸರ್ ಪಕ್ಕದಲ್ಲೇ ಇದ್ದಾಗ, "ನಿನ್ನ ಪಾಸ್‌ಪೋರ್ಟ್ ಯಾರ ಹತ್ರ ಇದೆ" ಅಂತ ಕೇಳಿಬಿಟ್ಟೆ. ಅವನು ನನ್ನ ಮುಖ ನೋಡ್ಲಿಲ್ಲ, ಸೂಪರ್‌ವೈಸರ್ ಮುಖ ನೋಡಿ "ನನ್ ಹತ್ರಾನೇ" ಅಂದ. ಎರಡು ದಿನ ಬಿಟ್ಟು ಮತ್ತೆ ಹೋದಾಗ ಅವನಿಲ್ಲ. ಕೆಲಸ ಬಿಟ್ಟು ಹೋದ ಅಂದ್ರು. ಎಲ್ಲಿಗೆ ಹೋದ, ಯಾರು ಕಳಿಸಿದ್ರು, ಇವತ್ತಿಗೂ ಗೊತ್ತಿಲ್ಲ. ನೀವು ಏನೂ ಕೇಳದೆ ಕಳಿಸಿದ್ರಿ, ನಾನು ಕೇಳಬಾರದ ಜಾಗದಲ್ಲಿ ಕೇಳಿದೆ. ಈ ಎರಡ್ರಲ್ಲಿ ಹೆಚ್ಚು ಅಪಾಯ ನನ್ನದೇ.

ಕಳ್ಳಸಾಗಣೆಗೆ ಒಳಗಾದ ಹೆಂಗಸರ ಜೊತೆ ಹೇಗೆ ಮಾತಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹತ್ತು ಸೂತ್ರ ಕೊಟ್ಟಿತ್ತು, ಅದ್ರಲ್ಲಿ ಮೊದಲನೇದೇ ಹಾನಿ ಮಾಡಬೇಡಿ ಅನ್ನೋದು. ಬೇರೆ ಪುರಾವೆ ಸಿಗೋ ತನಕ ಅಪಾಯ ವಿಪರೀತ ಇದೆ ಅಂತಲೇ ತಿಳ್ಕೊಂಡು ನಡ್ಕೊಳ್ಳಿ ಅಂತಾರೆ. ಕೈಲಾಗದ ಭರವಸೆ ಕೊಡಬೇಡಿ ಅನ್ನೋದೂ ಅದ್ರಲ್ಲೇ ಇದೆ. "ನಾವಿದ್ದೀವಿ, ಏನೂ ಆಗಲ್ಲ" ಅಂತ ಹೇಳೋಕೆ ಬಾಯಿ ತುದೀಲೇ ಇರತ್ತೆ ನಮಗೆ, ಹೇಳ್ಬೇಡಿ, ಏನಾದ್ರೂ ಆಗ್ಬೋದು.

ಈಗ ಕೆಲಸಕ್ಕೆ ಬರೋ ಮಾತು. ಪ್ರತಿಯೊಬ್ಬ ಪೇಷಂಟನ್ನೂ ಐದು ನಿಮಿಷ ಒಬ್ಬರನ್ನೇ ನೋಡ್ತೀವಿ ಅಂತ ನಿಮ್ಮ ವಾರ್ಡಲ್ಲಿ ಎಲ್ಲರಿಗೂ ಒಂದೇ ರೂಲ್ ಮಾಡಿಸಿ, ಆಗ ಜೊತೆಗೆ ಬಂದವರಿಗೆ ಅನುಮಾನ ಬರಲ್ಲ. ಅದಾಗದಿದ್ರೆ ತೂಕ ನೋಡ್ಬೇಕು, ಎಕ್ಸ್‌ರೇಗೆ ಕರ್ಕೊಂಡ್ ಹೋಗ್ಬೇಕು, ಒಳಗೆ ಬೇರೆಯವರಿಗೆ ಬಿಡಲ್ಲ ಅನ್ನಿ. ಭಾಷೆ ಗೊತ್ತಿಲ್ಲದಿದ್ರೆ ಫೋನಲ್ಲಾದ್ರೂ ಸಂಬಂಧ ಇಲ್ಲದ ಅನುವಾದಕರನ್ನ ಹಿಡೀರಿ, ಕರ್ಕೊಂಡು ಬಂದವರ ಬಾಯಿಂದ ಮಾತ್ರ ಬೇಡ. "ನಿನ್ನನ್ನ ಜೀತಕ್ಕಿಟ್ಟಿದ್ದಾರಾ" ಅಂತ ಕೇಳಿದ್ರೆ ಇಲ್ಲ ಅಂತಲೇ ಉತ್ತರ, ಯಾಕಂದ್ರೆ ಅವಳ ತಲೇಲಿ ಅದಕ್ಕೆ ಆ ಹೆಸರಿಲ್ಲ. ರಾತ್ರಿ ಮಲಗೋದು ಎಲ್ಲಿ, ಮನೆಯವರ ಜೊತೆ ಮಾತಾಡಿ ಎಷ್ಟು ದಿನ ಆಯ್ತು, ಕೆಲಸ ಬೇಡ ಅನ್ಸಿದ್ರೆ ಬಿಡಬಹುದಾ, ಇಂಥದ್ದು ಕೇಳಿ. ಹೆಲ್ಪ್‌ಲೈನ್ ಚೀಟಿನ ಅವಳಿಗೆ ಹೇಳದೆ ಜೇಬಿಗೆ ತುರುಕಬೇಡಿ, ಜೇಬು ತಡಕೋರು ಇರ್ತಾರೆ. ಅವಳು ಹೇಳಿದ್ದನ್ನ ಅವಳ ಮಾತಲ್ಲೇ ತಾರೀಖು ಹಾಕಿ ಕೇಸ್ ಶೀಟಲ್ಲಿ ಬರೀರಿ.

ಅವಳಿಗೆ ಹದಿನೆಂಟು ತುಂಬಿಲ್ಲ ಅಂದ್ರೆ ಒಪ್ಪಿಗೆಗೆ ಕಾಯೋ ಪ್ರಶ್ನೆನೇ ಇಲ್ಲ, ಆಸ್ಪತ್ರೆಯ ಮಕ್ಕಳ ರಕ್ಷಣೆ ಜವಾಬ್ದಾರಿ ಇರೋರಿಗೆ ಆಗಲೇ ಹೇಳ್ಬೇಕು. ದೊಡ್ಡವಳಾಗಿದ್ದು, ಜೀವಕ್ಕೆ ತಕ್ಷಣದ ಅಪಾಯ ಇಲ್ಲದೆ ಬೇಡ ಅಂದ್ರೆ, ಬೇಡ ಅನ್ನೋದನ್ನ ಒಪ್ಕೊಳ್ಳಿ, ಇದು ನುಂಗೋಕೆ ಕಷ್ಟ ಅಂತ ನಂಗೊತ್ತು. ಸುಟ್ಟ ಗಾಯ ಅಂದ್ರಲ್ಲ, ಡ್ರೆಸ್ಸಿಂಗ್ ಬದಲಾಯಿಸೋಕೆ ಮತ್ತೆ ಬರ್ಬೇಕಲ್ವಾ? ಆ ದಿನಕ್ಕೆ ಅನುವಾದಕರನ್ನ ಈಗ್ಲೇ ಗೊತ್ತು ಮಾಡಿಡಿ, ನಿಮ್ಮ ಮೇಲಿನವರಿಗೂ ಇವತ್ತೇ ಹೇಳಿ.

ಪ್ರಶ್ನೆ: ನಾವು ಫ್ರೆಂಡ್ಸ್ ಸೇರಿ ಒಂದು ಟೀಮ್ ಮಾಡಿದ್ದೀವಿ. ಸುಳಿವು ಸಿಕ್ಕಿದ್ರೆ ನಾವೇ ಹೋಗಿ ಬಿಡಿಸ್ಕೊಂಡು ಬಂದು ಲೈವ್ ಮಾಡಿದ್ರೆ ಜನಕ್ಕೆ ಜಾಗೃತಿ ಬರಲ್ವಾ?

ಉತ್ತರ: ಬೇಡ. ಬಾಗಿಲು ಒಡೆದು ಹೊರಗೆ ಕರ್ಕೊಂಡು ಬಂದ ಅರ್ಧ ಗಂಟೆ ಆದ್ಮೇಲೆ ಅವರು ಎಲ್ಲಿ ಮಲಗ್ತಾರೆ, ಯೋಚಿಸಿದ್ದೀರಾ? ಅವರ ಮುಖ ಲೈವಲ್ಲಿ ಹೋದ್ಮೇಲೆ ಊರಲ್ಲಿರೋ ತಂಗಿಗೆ ಬೆದರಿಕೆ ಹೋಗತ್ತೆ, ಸಾಕ್ಷಿ ಹಾಳಾಗತ್ತೆ, ಒಳಗೆ ಇನ್ನೂ ಹತ್ತು ಜನ ಇದ್ರೆ ರಾತ್ರೋರಾತ್ರಿ ಜಾಗ ಬದಲಾಗತ್ತೆ. ನೀವು ಮಾಡೋಕೆ ಆಗೋದು ಇಷ್ಟು: ಜಾಗ, ಹೊತ್ತು, ಗಾಡಿ ನಂಬರ್, ಎಷ್ಟು ಜನ ಕಂಡ್ರು, ಕಣ್ಣಾರೆ ಕಂಡಿದ್ದು ಯಾವುದು ಊಹೆ ಯಾವುದು, ಬೇರೆ ಬೇರೆ ಬರ್ಕೊಂಡು ಹೆಲ್ಪ್‌ಲೈನಿಗೋ ಕಾರ್ಮಿಕ ಇಲಾಖೆಗೋ ಕೊಡಿ, ಕಣ್ಣೆದುರೇ ಹೊಡೀತಿದ್ರೆ ಎಮರ್ಜೆನ್ಸಿ ನಂಬರ್. ಹಿಂಬಾಲಿಸಬೇಡಿ.

ಪ್ರಶ್ನೆ: ವಿಮಾನದಲ್ಲಿ ಕ್ಯಾಬಿನ್ ಕ್ರೂ ಆಗಿದ್ದೀನಿ. ಟ್ರೈನಿಂಗ್ ಆದ್ಮೇಲೆ ಎಲ್ಲರ ಮೇಲೂ ಡೌಟ್ ಬರ್ತಿದೆ, ಮಗು ಅಳ್ತಿದ್ರೂ ಡೌಟ್.

ಉತ್ತರ: ಇದು ಟ್ರೈನಿಂಗ್ ಕೊಟ್ಟವರ ಸೋಲು, ನಿಮ್ಮದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಮತ್ತೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಸೇರಿ ಕ್ಯಾಬಿನ್ ಕ್ರೂ ಟ್ರೈನಿಂಗಿಗೇ ಅಂತ ಮಾರ್ಗಸೂಚಿ ತಂದಿದ್ದಾರೆ. ಆದ್ರೂ ಬಣ್ಣ ಬೇರೆ ಅನ್ನೋ ಒಂದೇ ಕಾರಣಕ್ಕೆ ಹೆತ್ತ ತಾಯಿಯನ್ನೇ ಮಗು ಸಮೇತ ತಡೆದು ವಿಚಾರಣೆ ಮಾಡಿದ ಪ್ರಸಂಗಗಳು ಆಗಿವೆ. ಬಣ್ಣ, ಬಟ್ಟೆ, ಭಾಷೆ, ವಯಸ್ಸಿನ ಅಂತರ, ಇವು ಸೂಚನೆಗಳಲ್ಲ. ಯಾರು ಏನು ಮಾಡ್ತಿದ್ದಾರೆ ಅನ್ನೋದು ಸೂಚನೆ: ಟಾಯ್ಲೆಟ್ಟಿಗೂ ಒಬ್ಬಳನ್ನೇ ಬಿಡ್ತಿಲ್ಲ, ಎಲ್ಲಿಗೆ ಹೋಗ್ತಿದ್ದೀನಿ ಅನ್ನೋದು ಅವಳಿಗೇ ಗೊತ್ತಿಲ್ಲ. ನನ್ನ ಕ್ಲಾಸಲ್ಲಿ ಒಂದು ಸಣ್ಣ ರೂಲ್ ಇದೆ, ನಿಮ್ಮ ಅನುಮಾನವನ್ನ ಬರೆದಾಗ ಆ ವಾಕ್ಯದಲ್ಲಿ ಒಂದು ಕ್ರಿಯಾಪದ ಇರ್ಬೇಕು. "ನೋಡೋಕೆ ಒಂಥರಾ ಇದ್ರು" ಅಂತ ಬರೆದ್ರೆ ವಾಪಸ್ ಕೊಡ್ತೀನಿ.

ಪ್ರಶ್ನೆ: ಕಾಲೇಜಲ್ಲಿ ಪಾಠ ಮಾಡ್ತೀನಿ. ಓದಿದ ಮಕ್ಕಳು ಇಂಥದಕ್ಕೆಲ್ಲ ಬಲಿ ಆಗಲ್ಲ ಅಲ್ವಾ?

ಉತ್ತರ: ಓದಿದವರನ್ನೇ ಹುಡುಕೋ ದಂಧೆ ಈಗ ಇದೆ ಸರ್. ಆಗ್ನೇಯ ಏಷ್ಯಾದಲ್ಲಿ ಆನ್‌ಲೈನ್ ವಂಚನೆ ನಡೆಸೋ ಕಾಂಪೌಂಡುಗಳಿಗೆ ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಅಂತ ಹೇಳಿ ಕರ್ಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ಕೊಂಡು, ದಿನವಿಡೀ ಅಪರಿಚಿತರಿಗೆ ಮೆಸೇಜ್ ಮಾಡಿ ದುಡ್ಡು ಲಪಟಾಯಿಸೋ ಕೆಲಸ ಮಾಡಿಸ್ತಾರೆ. ಟಾರ್ಗೆಟ್ ಮುಟ್ಟದಿದ್ರೆ ಹೊಡೆತ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜು, ಮ್ಯಾನ್ಮಾರ್‌ನಲ್ಲಿ ಕಮ್ಮಿ ಅಂದ್ರೂ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಹಾಕ್ಕೊಂಡಿರ್ಬೋದು ಅಂತ. ಕಂಪ್ಯೂಟರ್ ಬರತ್ತೆ, ಎರಡ್ಮೂರು ಭಾಷೆ ಬರತ್ತೆ ಅನ್ನೋದೇ ಅಲ್ಲಿ ಅರ್ಹತೆ. ನಿಮ್ಮ ವಿದ್ಯಾರ್ಥಿಗಳಿಗೆ ಹೇಳೋದಿದ್ರೆ ಇದನ್ನ ಹೇಳಿ: ಇಂಟರ್‌ವ್ಯೂ ಬರೀ ಚಾಟಲ್ಲಿ ಆಗಿ, ಕೆಲಸಕ್ಕೆ ಟೂರಿಸ್ಟ್ ವೀಸಾದಲ್ಲಿ ಬಾ ಅಂದ್ರೆ ಅಲ್ಲಿಗೇ ನಿಲ್ಲಿಸು. ಹೊರಡೋ ಮುಂಚೆ ಮನೇಲಿ ಒಂದು ಗುಟ್ಟಿನ ಮಾತು ಗೊತ್ತು ಮಾಡ್ಕೋ, ಫೋನಲ್ಲಿ ಆ ಪದ ಬಂದ್ರೆ ತೊಂದರೇಲಿದ್ದೀನಿ ಅಂತ ಅರ್ಥ. ಅಲ್ಲಿಂದ ತಪ್ಪಿಸ್ಕೊಂಡು ಬಂದವರನ್ನ ಮೋಸಗಾರರು ಅಂತ ಬೈಯೋ ಮುಂಚೆ ಒಂದ್ಸಲ ಅವರ ಮಾತು ಕೇಳಿ.

ಪ್ರಶ್ನೆ: ನಾನು ಒಂದು ಕಂಪನಿಯ ಎಚ್‌ಆರ್. ಮ್ಯಾನೇಜ್‌ಮೆಂಟ್ ಈ ಟ್ರೈನಿಂಗ್ ಮಾಡಿಸಿ ರಿಪೋರ್ಟ್ ಹಾಕ್ಬೇಕು ಅಂತಿದೆ. ಯಾರಿಗೆ ಮಾಡಿಸ್ಲಿ, ಎಷ್ಟು ಹೊತ್ತು?

ಉತ್ತರ: ಮೊದ್ಲು ಪರ್ಚೇಸ್ ಡಿಪಾರ್ಟ್‌ಮೆಂಟ್‌ಗೆ ಮಾಡ್ಸಿ. ಗೇಟ್ ಸೆಕ್ಯುರಿಟಿಗೆ ಹನ್ನೊಂದು ಸೂಚನೆ ಬಾಯಿಪಾಠ ಮಾಡ್ಸಿ, ಅದೇ ದಿನ ಪರ್ಚೇಸ್‌ನವರು ಸಪ್ಲೈಯರ್‌ಗೆ ಫೋನ್ ಮಾಡಿ ರೇಟ್ ಇನ್ನೂ ಇಳಿಸಿ, ಆರ್ಡರ್ ಡಬಲ್, ಡೇಟ್ ಅದೇ ಅಂದ್ರೆ ಆ ಓವರ್‌ಟೈಮ್ ಹುಟ್ಟಿದ್ದು ನಿಮ್ಮ ಆಫೀಸಲ್ಲೇ. ರಿಪೋರ್ಟ್ ವಿಷಯ ಹೇಳೋದಾದ್ರೆ, ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ 3.6 ಕೋಟಿ ಪೌಂಡ್ ವಹಿವಾಟು ಮುಟ್ಟಿದ ಕಂಪನಿಗಳು, ತಮ್ಮಲ್ಲಿ ಮತ್ತೆ ಸಪ್ಲೈಯರ್‌ಗಳಲ್ಲಿ ಗುಲಾಮಗಿರಿ ತಡೆಯೋಕೆ ಏನು ಮಾಡಿದ್ವಿ ಅಂತ ವರ್ಷಾ ವರ್ಷ ಹೇಳಿಕೆ ಹೊರಡಿಸ್ಬೇಕು ಅನ್ನತ್ತೆ, ಆಸ್ಟ್ರೇಲಿಯಾದ 2018ರ ಇಂಥದ್ದೇ ಕಾಯ್ದೇಲಿ ಮಿತಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್. ಬ್ರಿಟನ್ ಕಾಯ್ದೇಲಿ ಸಿಬ್ಬಂದಿ ಟ್ರೈನಿಂಗ್ ಬಗ್ಗೆನೂ ಹೇಳಿಕೇಲಿ ಬರೀಬಹುದು ಅಂತ ಇದೆ. ತಮಾಷೆ ಅಂದ್ರೆ, ನಾವು ಏನೂ ಕ್ರಮ ತಗೊಂಡಿಲ್ಲ ಅಂತ ಬರೆದು ಹಾಕೋಕೂ ಅದೇ ಕಾಯ್ದೇಲಿ ಅವಕಾಶ ಇದೆ.

ಎಷ್ಟು ಹೊತ್ತು ಅಂದ್ರೆ, ಎರಡು ಗಂಟೆ ಸಾಕು, ಆದ್ರೆ ಅದ್ರಲ್ಲಿ ಒಂದು ಗಂಟೆ ನಾಟಕ ಆಡಿಸ್ಬೇಕು. ರಾತ್ರಿ ಎರಡು ಗಂಟೆಗೆ ಕ್ಯಾಂಟೀನ್ ಹಿಂದೆ ಒಬ್ಬ ಬಂದು ನನ್ನ ಸಂಬಳ ಆರು ತಿಂಗಳಿಂದ ಕೊಟ್ಟಿಲ್ಲ, ಹೋಗೋಕೂ ಬಿಡ್ತಿಲ್ಲ ಅಂತಾನೆ. ಯಾರಿಗೆ ಫೋನ್ ಮಾಡ್ತೀರಾ? ಹೆಸರು ಹೇಳಿ, ನಂಬರ್ ಹೇಳಿ, ಈಗ್ಲೇ ಡಯಲ್ ಮಾಡಿ ಅಂತೀನಿ. ಒಂದ್ ಕಡೆ ಹೀಗೆ ಡಯಲ್ ಮಾಡಿಸಿದಾಗ ಪೋಸ್ಟರ್ ಮೇಲಿದ್ದ ನಂಬರ್ ಚಾಲ್ತೀಲೇ ಇರ್ಲಿಲ್ಲ, ಪೋಸ್ಟರ್ ಮಾತ್ರ ಎಲ್ಲ ಫ್ಲೋರಲ್ಲೂ ಫ್ರೇಮ್ ಹಾಕಿಸಿ ಹಚ್ಚಿದ್ರು. ಎಷ್ಟು ಜನ ಅಟೆಂಡ್ ಆದ್ರು ಅನ್ನೋದನ್ನ ಲೆಕ್ಕ ಇಡೋ ಬದಲು ಆರು ತಿಂಗಳಲ್ಲಿ ಎಷ್ಟು ಫೋನ್ ಬಂತು ನೋಡಿ. ಸೊನ್ನೆ ಬಂದಿದ್ರೆ ಸಂತೋಷ ಪಡ್ಬೇಡಿ.

ಪ್ರಶ್ನೆ: ನಾನು ಸೆಕ್ಯುರಿಟಿ ಗಾರ್ಡ್. ಟ್ರೈನಿಂಗಲ್ಲಿ ಹೇಳಿದ ಹಾಗೆ ಪಕ್ಕದ ಬಿಲ್ಡಿಂಗ್ ಬಗ್ಗೆ ಹೆಲ್ಪ್‌ಲೈನಿಗೆ ಹೇಳಿದೆ. ಎರಡು ತಿಂಗಳಾಯ್ತು, ಏನಾಯ್ತು ಅಂತ ಯಾರೂ ಹೇಳಿಲ್ಲ. ಲೈಟು ಮೊದಲಿನ ಹಾಗೇ ರಾತ್ರಿಯೆಲ್ಲ ಉರೀತಿದೆ. ಮತ್ತೆ ಫೋನ್ ಮಾಡ್ಬೋದಾ?

ಉತ್ತರ: ಮಾಡಿ ಅಣ್ಣಾ. ಏನಾಯ್ತು ಅಂತ ಬಹುಶಃ ಹೇಳಲ್ಲ, ಒಳಗಿರೋರ ಗುಟ್ಟು ಕಾಯ್ಬೇಕಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಮೊದಲ ಸಲ ಕೊಟ್ಟ ರೆಫರೆನ್ಸ್ ನಂಬರ್ ಇದ್ರೆ ಹೇಳಿ, ಇಲ್ಲದಿದ್ರೆ ಫೋನ್ ಮಾಡಿದ ತಾರೀಖು ಹೇಳಿ. ಆಮೇಲೆ ಹೊಸದಾಗಿ ಕಂಡಿದ್ದನ್ನ ಸೇರಿಸಿ, ಲೈಟು ಎಷ್ಟು ಗಂಟೆವರೆಗೆ ಉರಿಯತ್ತೆ, ಹೊರಗಿಂದ ಬೀಗ ಹಾಕ್ತಾರಾ, ಯಾವ ಗಾಡಿ ಯಾವ ಹೊತ್ತಿಗೆ ಬರತ್ತೆ. ಒಂದು ವಾರ ದಿನಾ ನಿಮ್ಮ ಡ್ಯೂಟಿ ಬುಕ್ಕಿನ ಹಿಂದಿನ ಪುಟದಲ್ಲಿ ಎರಡೆರಡು ಸಾಲು ಬರ್ಕೊಳ್ಳಿ, ಆಮೇಲೆ ಫೋನ್ ಮಾಡಿ. ಕಿರುಚಾಟ ಏನಾದ್ರೂ ಕೇಳಿಸಿದ್ರೆ ಮಾತ್ರ ವಾರ ಕಾಯಬೇಡಿ.